ಕೈಯಾಗ ಉಳಿದ ರಟ್ಟು

ಭಟ್ಟಿ ಆರಿಸಿ ಐದು ದಿನ ಆತು.
ಆದ್ರೂ ಒಳಗ ನಿಂತರ ಬೂಟಿನ ತಳ
ಮೆತ್ತಗಾಗಿ ನೆಲ ಹಿಡಕೊಂತೈತಿ.
ಬಾಯಿಗೆ ಹಚ್ಚ್ಯಾರ ದೊಡ್ಡ ಫ್ಯಾನು;
ಅದು ತಂದು ಸುರಿಯೂದು ಗಿಣಿಗೇರಿಯ ಮೇ ತಿಂಗಳ ಗಾಳಿ,
ಸುಟ್ಟವಗ ಸುಟ್ಟವನ ಬಂದು ಸಮಾಧಾನ ಹೇಳಿದಂಗ.

ಅದಿರಿನ ಹುಡಿ ಉಂಡಿ ಕಟ್ಟಿ ಸುಡೂ ಭಟ್ಟಿ ಇದು.
ಅಡ್ಡ ಮಲಗಿಸಿದ ಕಬ್ಬಿಣದ ಕೊಳವಿ,
ಬಂಡಿ ಹೊಕ್ಕು ಹೊರಡುವಷ್ಟು ಅಗಲ,
ಹಗಲು ರಾತ್ರಿ ಹೊರಳತೈತಿ, ನಿದ್ದಿಗೆಟ್ಟವರಂಗ.
ಒಳಗ ಹದಿಮೂರು ನೂರು ಡಿಗ್ರಿ.
ಕಬ್ಬಿಣಕ್ಕ ಅದು ಗೊತ್ತಾಗಬಾರದು.
ಇಟ್ಟಿಗಿ ಕೆಲಸ ಅಷ್ಟ.

ನಮ್ಮಪ್ಪ ಹಳ್ಳದ ದಂಡಿಗೆ ಮಣ್ಣು ತುಳಿದು ಸುಟ್ಟ
ಕೆಂಪು ಇಟ್ಟಿಗಿ ಬ್ಯಾರೆ, ಅದು ಮಳಿಗೆ ಅಂಜತಿತ್ತು.
ಇವು ಹಾಲುಕೆನಿ ಬಣ್ಣದವು,
ಒಂದು ತುದಿ ದಪ್ಪ, ಒಂದು ತುದಿ ಸಣ್ಣ,
ಮೈಮ್ಯಾಲೆ ನಂಬರು ಒತ್ತಿಸ್ಕೊಂಡು
ಪೆಟ್ಟಿಗ್ಯಾಗ ಕುಂತು ಬರ್ತಾವ ಮದುಮಕ್ಕಳಂಗ.
ಒಂದಕ್ಕೊಂದು ತಾಕಿಸಿದ್ರ ಟಣ್ ಅನ್ನಬೇಕು;
ಠಪ್ ಅಂದದ್ದನ್ನ ಖಾಜಾಹುಸೇನ ಮೇಸ್ತ್ರಿ
ಕಣ್ಣೆತ್ತಿ ನೋಡೂದಿಲ್ಲ, ಕಾಲಿಲೇ ಸರಸ್ತಾನ.

ಸಂದಿನ್ಯಾಗ ಉಗುರು ಹೋಗಬಾರದು ಅಂತಾನ.
ಆದ್ರ ಇಷ್ಟು ಸಾಲಿಗೊಮ್ಮೆ ಒಂದು ರಟ್ಟು ಇಡಬೇಕು.
“ಬೆಂಕಿ ಬಂದಾಗ ಇಟ್ಟಿಗಿ ಉಬ್ಬತೈತೋ ಯಮನೂರಪ್ಪ.
ರಟ್ಟು ಸುಟ್ಟು ಹೋಗಿ ಜಾಗ ಬಿಡತೈತಿ.
ಜಾಗ ಇರದಿದ್ರ ಹೆಗಲಿಗೆ ಹೆಗಲು ಒತ್ತಿ
ಒಡಕೊಂತಾವ. ಬೆಂಕಿಗೇನ ಅಂಜೂದಿಲ್ಲ ಅವು.”

ಮೂರು ವರ್ಷದ ಹಿಂದ ಈ ಜಾಗದಾಗ ಕುಂತಿದ್ದೆ ನಾನು,
ಹದಿನೇಳನೇ ಮೀಟರಿನ ಹತ್ರ.
ಉಸಿರು ಕಟ್ಟಿತ್ತು. ಕೈಯಾಗಿದ್ದ ರಟ್ಟಿನಿಂದ
ಬೀಸಿಕೊಂಡೆ ಒಂದು ಗಳಿಗಿ.
ಆ ಕಡಿಂದ ಇಟ್ಟಿಗಿ ಬಂತು, ಇಟ್ಟೆ.
ಇನ್ನೊಂದು ಬಂತು, ಇಟ್ಟೆ.
ಸುತ್ತು ಮುಗಿದು ಕೀಲಿ ಇಟ್ಟಿಗಿ ಬಡಿದು ಕೂಡಿಸಿ
ತಗಡು ಹೊಡೆದ ಮ್ಯಾಲ ನೋಡಕೊಂಡೆ,
ರಟ್ಟು ಕೈಯಾಗ ಐತಿ.
ಬೆವರಿಗೆ ತೊಯ್ದು ಮೆತ್ತಗ, ದ್ವಾಸಿಯಂಗ.
ಒಂದ ರಟ್ಟು. ಯಾರಿಗೆ ಹೇಳಲಿ?
ನಾಕಕ್ಕ ಮಡಚಿ ಅಂಗಿ ಒಳಗ ಇಟಗೊಂಡೆ.

ಹೋದ ವಾರ ರೈಲ್ವೆ ಗೇಟಿನ ಹತ್ರ ಚಹಾ ಕುಡಿಯೂವಾಗ
ಯಾರೋ ಅಂದ್ರು, ಭಟ್ಟಿ ಮೈಮ್ಯಾಲೆ
ಕೆಂಪು ಮಚ್ಚಿ ಎದ್ದೈತಂತ.
ತಿರುಗಿದಾಗೊಮ್ಮೆ ಮ್ಯಾಲ ಬರತೈತಂತ, ಮುಳುಗತೈತಂತ,
ನಿಮಿಷಕ್ಕೊಂದು ಸೂರ್ಯ.
ಎಷ್ಟನೇ ಮೀಟರು? ಕೇಳಲಿಲ್ಲ ನಾನು.
ಗ್ಲಾಸು ಕೆಳಗಿಟ್ಟೆ.

ಈಗ ಮೇಸ್ತ್ರಿ ಬ್ಯಾಟರಿ ಹಿಡದು ಗುಂಡಿ ನೋಡ್ಯಾನ.
ಉದುರಿದ ಸಾಲಿನ ಅಂಚು ಸವರ್ಯಾನ,
ನಾಡಿ ಹಿಡದವರಂಗ ತಡದು ತಡದು.
“ಇಲ್ಲಿ ರಟ್ಟು ಇದ್ದಿಲ್ಲ” ಅಂದ,
ಗ್ವಾಡಿಗೆ ಹೇಳಿದಂಗ.
ಆಮ್ಯಾಲೆ ರಟ್ಟಿನ ಕಟ್ಟು ತಂದು ನನ್ನ ತೊಡಿಮ್ಯಾಲ ಇಟ್ಟ.
ತನ್ನ ಹೆಗಲಿನ ಟವೆಲ್ಲು ತಗದು ಅದರ ಮ್ಯಾಲ ಒಗದ:
“ಬೀಸಿಕೊಳ್ಳಾಕ ಇದು.”

ಮೂರು ವರ್ಷ. ಗೊತ್ತಿತ್ತೇನು ಅವನಿಗೆ?

ಉದುರಿದ ಅರ್ಧ ಇಟ್ಟಿಗಿ, ಗೇಟ್ ಪಾಸು ಬರಸಿ, ಮನಿಗೆ ತಂದೆ.
ಬೆಂಕಿ ಕಂಡ ಮುಖ ಗಾಜಾಗೈತಿ, ಕಪ್ಪಗ, ಮಿಣಮಿಣ.
ಹಿಂದಿನ ಮುಖದ ಮ್ಯಾಲ ನಂಬರು ಇನ್ನೂ ಓದಬರತೈತಿ.
ಹುಲಿಗೆಮ್ಮನ ಒಲಿಗೆ ಒಂದು ಗುಂಡು ಸಾಲದಾಗಿತ್ತು,
ಅಲ್ಲಿ ಕುಂಡ್ರಿಸಿದೆ,
ಗ್ವಾಡಿಗೂ ಅದಕ್ಕೂ ನಡುವ ಒಂದು ಬೆಟ್ಟು ಬಿಟ್ಟು.
“ಒತ್ತಿ ಇಡಬಾರದೇನು?” ಅಂದ್ಲು.
ಆಗ ಹೇಳಿದೆ, ಎಲ್ಲಾ, ರಟ್ಟಿನ ಸುದ್ದಿ, ಮೊದಲನೇ ಸಲ.

ಆಕಿ ರೊಟ್ಟಿ ತಿರುವಿ ಹಾಕಿದ್ಲು.
ಹೊಟ್ಟಿ ಉಬ್ಬೂತನಕ ಸುಮ್ನ ನೋಡಿದ್ಲು.
“ಅಂಗಿ ಒಗಿಯೂವಾಗ ಸಿಕ್ಕಿತ್ತು ಅದು,” ಅಂದ್ಲು,
“ಒಣಗಿಸಿ ಇದ ಒಲಿಗೆ ಹಾಕಿದ್ದೆ.
ಛೊಲೋ ಉರೀತು.”